ಹೊಸ ಕಾರಿನ ಸ್ಟೀರಿಂಗ್ ತಾನಾಗಿಯೇ ಎಳೆದಾಗ



ಬೇಸಾಯಶಾಸ್ತ್ರ ಓದಿದವನು ಮೋಟಾರು ಕಾರಿನ ವಿಷಯ ಬರೆಯುವುದೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಇತ್ತೀಚಿನ ವರ್ಷಗಳಲ್ಲಿ ಕ್ಷೇತ್ರೋತ್ಸವಗಳಿಗೆ ಹೋದಾಗ ರಾಗಿಯ ಬೆಂಕಿ ರೋಗ, ತೆಂಗಿನ ಕಪ್ಪುತಲೆ ಹುಳು ಮುಂತಾದ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಊಟದ ಸಾಲಿನಲ್ಲಿ ನಿಂತಿರುವಾಗ ಯಾರಾದರೊಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ: "ಸಾರ್, ಹೊಸ ಕಾರು ತಗೊಂಡಿದ್ದೀನಿ. ಸ್ಟೀರಿಂಗು ತಾನಾಗೇ ಎಳೀತದೆ. ಗಾಡಿಯಲ್ಲೇ ಏನಾದರೂ ದೋಷ ಇರಬಹುದಾ?" ಅಡಿಕೆ, ಶುಂಠಿ, ಟೊಮ್ಯಾಟೊ, ರೇಷ್ಮೆಗಳಲ್ಲಿ ಒಂದೆರಡು ಒಳ್ಳೆಯ ವರ್ಷ ಕಂಡ ಕುಟುಂಬಗಳು ಇಂಥ ಕಾರು ಕೊಳ್ಳುತ್ತಿರುವುದು ಸಂತೋಷದ ಸಂಗತಿ. ಆದರೆ ಹದಿನೈದು ಇಪ್ಪತ್ತು ಲಕ್ಷ ರೂಪಾಯಿ ಕೊಟ್ಟು ತಂದ ಯಂತ್ರವು ತನ್ನ ಕೈಯೊಡನೆ ಏಕೆ ಜಗ್ಗಾಡುತ್ತಿದೆ ಎಂಬುದು ಕೊಂಡವರಿಗೇ ತಿಳಿಯದಿರುವುದು ಅಪಾಯದ ಸಂಗತಿ. ಆ ತಿಳಿವಳಿಕೆಯನ್ನು ಕಾರಿನ ಜೊತೆಯಲ್ಲೇ ಕೊಡಬೇಕಾದದ್ದು ಮಾರುವವರ ಹೊಣೆ ಎಂಬುದು ನನ್ನ ಅಭಿಪ್ರಾಯ.

ಎಳೆಯುವುದು ಯಾವುದು?

ನಮ್ಮ ದೇಶದಲ್ಲಿ 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ 700, 2022ರ ಹೋಂಡಾ ಸಿಟಿ ಹೈಬ್ರಿಡ್, 2023ರ ಹುಂಡೈ ವರ್ನಾ ಮುಂತಾದ ಕಾರುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಚಾಲಕನಿಗೆ ನೆರವಾಗುವ ಕೆಲವು ಸಾಧನಗಳನ್ನು ಅಳವಡಿಸಲಾಗಿದೆ. ಅಂಗಡಿಯವರು ಇವನ್ನೆಲ್ಲ ಸೇರಿಸಿ ಅಡಾಸ್ ಎನ್ನುತ್ತಾರೆ. ಇದರಲ್ಲಿ ಒಂದು, ಕಾರು ತನ್ನ ಸಾಲು ಬಿಟ್ಟು ಪಕ್ಕಕ್ಕೆ ಸರಿಯದಂತೆ ನೋಡಿಕೊಳ್ಳುವ ಸಾಧನ. ಇದಕ್ಕೆ ಲೇನ್ ಅಸಿಸ್ಟ್ ಎಂದು ಹೆಸರು. ಮುಂದಿನ ಗಾಜಿನ ಒಳಬದಿಯಲ್ಲಿ, ಹಿಂನೋಟದ ಕನ್ನಡಿಯ ಹತ್ತಿರ ಒಂದು ಚಿಕ್ಕ ಕ್ಯಾಮೆರಾ ಇರುತ್ತದೆ. ಅದು ರಸ್ತೆಗೆ ಬಳಿದ ಬಿಳಿ, ಹಳದಿ ಗೆರೆಗಳನ್ನು ನೋಡುತ್ತಿರುತ್ತದೆ. ಇಂಡಿಕೇಟರ್ ಹಾಕದೆ ಕಾರು ಗೆರೆಯ ಹತ್ತಿರ ಸರಿದರೆ, ಚಾಲಕ ತೂಕಡಿಸುತ್ತಿದ್ದಾನೆ ಅಥವಾ ಮೈಮರೆತಿದ್ದಾನೆ ಎಂದು ಲೆಕ್ಕ ಹಾಕಿ, ಸ್ಟೀರಿಂಗಿಗೆ ಜೋಡಿಸಿರುವ ವಿದ್ಯುತ್ ಮೋಟಾರಿನ ಮೂಲಕ ಚಕ್ರವನ್ನು ಸಾಲಿನ ಒಳಕ್ಕೆ ತಿರುಗಿಸುತ್ತದೆ. ಸಾಮಾನ್ಯವಾಗಿ ಗಂಟೆಗೆ ಸುಮಾರು 60 ಕಿ.ಮೀ. ವೇಗ ದಾಟಿದ ಮೇಲೆ ಮಾತ್ರ ಇದು ಕೆಲಸಕ್ಕೆ ತೊಡಗುತ್ತದೆ. ನಿಮ್ಮ ಕೈಗೆ ತಗಲುವ ಎಳೆತ ಬಹುಮಟ್ಟಿಗೆ ಇದೇ. ದೋಷವಲ್ಲ, ಯಂತ್ರಕ್ಕೆ ಹೇಳಿಕೊಟ್ಟ ಕೆಲಸ.

ಇದು ತೀರ ಹೊಸದೂ ಅಲ್ಲ. ಜಪಾನಿನ ನಿಸಾನ್ ಕಂಪನಿಯು 2001ರಲ್ಲೇ ತನ್ನ ಸೀಮಾ ಕಾರಿನಲ್ಲಿ ಇಂಥದನ್ನು ಅಳವಡಿಸಿತ್ತು. ಯುರೋಪಿನ ಒಕ್ಕೂಟದಲ್ಲಿ ಜುಲೈ 2024ರಿಂದ ಮಾರಾಟವಾಗುವ ಪ್ರತಿಯೊಂದು ಹೊಸ ಕಾರಿನಲ್ಲೂ ತುರ್ತು ಸಂದರ್ಭದಲ್ಲಿ ಸಾಲು ಕಾಯುವ ಸಾಧನ ಕಡ್ಡಾಯ. ಚಾಲಕ ಅದನ್ನು ಆರಿಸಿದರೂ ಮುಂದಿನ ಸಲ ಕಾರು ಚಾಲೂ ಮಾಡಿದಾಗ ತಾನಾಗಿಯೇ ಹತ್ತಿಕೊಳ್ಳಬೇಕು. ಪ್ರಯೋಜನವಿಲ್ಲದೆ ಇಂಥ ಕಾನೂನು ಬರುವುದಿಲ್ಲ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಲು ತಪ್ಪಿದಾಗ ಕೇವಲ ಎಚ್ಚರಿಕೆ ಕೊಡುವ ಸಾಧನದಿಂದಲೇ ರಸ್ತೆ ಬಿಟ್ಟು ಹೋಗುವ, ಬದಿಗೆ ಉಜ್ಜುವ, ಎದುರುಬದುರು ಗುದ್ದುವ ಬಗೆಯ ಅಪಘಾತಗಳು ಶೇಕಡ 11ರಷ್ಟೂ, ಅವುಗಳಲ್ಲಿ ಗಾಯವಾಗುವಂಥವು ಶೇಕಡ 21ರಷ್ಟೂ ಕಡಿಮೆಯಾಗಿದ್ದವು. ಆದ್ದರಿಂದ "ಇದೆಲ್ಲ ದುಡ್ಡು ಕೀಳುವ ಆಟ, ಕಿತ್ತು ಹಾಕಿಸಿ" ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ರಾತ್ರಿಯೆಲ್ಲ ಮಾರುಕಟ್ಟೆಯಲ್ಲಿ ಕಾದು ಬೆಳಗಿನ ಜಾವ ಊರಿಗೆ ಮರಳುವ ರೈತನಿಗೆ ಕಣ್ಣು ಮುಚ್ಚಿದ ಒಂದು ಕ್ಷಣದಲ್ಲಿ ಎಚ್ಚರಿಸುವ ಸಾಧನ ಬೇಕೇ ಬೇಕು.

ಟ್ರ್ಯಾಕ್ಟರಿನ ದಾರಿ ಬೇರೆ, ಕಾರಿನ ದಾರಿ ಬೇರೆ

ತಾನಾಗಿ ಸ್ಟೀರಿಂಗ್ ತಿರುಗುವ ಯಂತ್ರ ಎಂದರೆ ನಮ್ಮಂಥವರಿಗೆ ಮೊದಲು ನೆನಪಾಗುವುದು ಟ್ರ್ಯಾಕ್ಟರ್. ವಿಶಾಲ ಹಿಡುವಳಿಗಳಿರುವ ದೇಶಗಳಲ್ಲಿ ಎರಡು ದಶಕಗಳಿಗೂ ಮೇಲ್ಪಟ್ಟು ಇಂಥ ಟ್ರ್ಯಾಕ್ಟರುಗಳು ಬಿತ್ತನೆ ಮಾಡುತ್ತಿವೆ. ಕೃಷಿ ಮೇಳದಲ್ಲಿ ಇವುಗಳ ಬಗ್ಗೆ ಕೇಳಿದ ಕೆಲವರು ಕಾರು ಕೂಡ ಅದೇ ರೀತಿ ನಡೆಯುತ್ತದೆಂದು ಭಾವಿಸಿದ್ದಾರೆ. ಇಲ್ಲಿ ವ್ಯತ್ಯಾಸ ಬಹಳ ದೊಡ್ಡದು. ಆ ಟ್ರ್ಯಾಕ್ಟರ್ ನೆಲವನ್ನು ನೋಡುವುದಿಲ್ಲ. ಆಕಾಶದ ಉಪಗ್ರಹಗಳಿಂದ ಬರುವ ಸಂಕೇತಗಳನ್ನು ನೆಲದ ಮೇಲಿನ ಕೇಂದ್ರವೊಂದು ತಿದ್ದಿ ಕಳುಹಿಸುತ್ತದೆ; ಅದರಿಂದ ಟ್ರ್ಯಾಕ್ಟರಿಗೆ ತಾನು ಹೊಲದಲ್ಲಿ ಎಲ್ಲಿರುವೆನೆಂಬುದು ಎರಡು ಮೂರು ಸೆಂ.ಮೀ. ಅಂತರದೊಳಗೆ ಗೊತ್ತಿರುತ್ತದೆ. ಸಾಲು ಅಳಿಸಿಹೋಗಲಿ, ಧೂಳು ಏಳಲಿ, ಕತ್ತಲಾಗಲಿ, ಅದರ ದಾರಿ ಬದಲಾಗುವುದಿಲ್ಲ. ವೇಗವೂ ಕಡಿಮೆ, ಎದುರಿನಿಂದ ಯಾರೂ ಬರುವುದಿಲ್ಲ.

ಕಾರಿನ ಲೇನ್ ಅಸಿಸ್ಟಿಗೆ ಬಣ್ಣದ ಗೆರೆಯೇ ಆಧಾರ. ಗೆರೆ ಸರಿಯಾಗಿದ್ದರೆ ಅದರ ತೀರ್ಮಾನ ಸರಿ. ಗೆರೆ ಕೆಟ್ಟಿದ್ದರೆ ತೀರ್ಮಾನವೂ ಕೆಡುತ್ತದೆ. ಇನ್ನು ಲೆಕ್ಕ ನೋಡಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಹೆದ್ದಾರಿಯ ಒಂದು ಸಾಲಿನ ಅಗಲ ಮೂರೂವರೆ ಮೀಟರ್, ಕಾರಿನ ಅಗಲ ಸುಮಾರು 1.8 ಮೀಟರ್. ಎರಡೂ ಪಕ್ಕಕ್ಕೆ ಉಳಿಯುವುದು 85 ಸೆಂ.ಮೀ. ಮಾತ್ರ, ಅಂದರೆ ಎರಡು ಮೊಳಕ್ಕೂ ಕಡಿಮೆ. ಯಂತ್ರದ ತಪ್ಪನ್ನು ಕಂಡು ತಿದ್ದಲು ನಿಮಗೆ ಸಿಗುವ ಕಾಲ ಅಷ್ಟರಲ್ಲೇ ಇದೆ.

ನಮ್ಮ ರಸ್ತೆಯ ಮೇಲೆ

ಹಳ್ಳಿಯ ಒಂಟಿ ರಸ್ತೆಯ ಅಗಲ 3.75 ಮೀಟರ್, ಅಲ್ಲಿ ಗೆರೆಯೇ ಇರುವುದಿಲ್ಲವಾದ್ದರಿಂದ ಸಾಧನ ಮಲಗಿರುತ್ತದೆ. ಬೆಂಗಳೂರು ಮೈಸೂರು ನಡುವಿನ ಹೊಸ ಹೆದ್ದಾರಿಯಂಥ ಕಡೆ, ಅಂದರೆ 2023ರ ಆಗಸ್ಟ್‌ನಿಂದ ಟ್ರ್ಯಾಕ್ಟರ್, ಮೋಟಾರು ಸೈಕಲ್, ಆಟೋಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಲ್ಲಿಸಿರುವಲ್ಲಿ, ಗೆರೆ ಸ್ಪಷ್ಟವಾಗಿದ್ದಷ್ಟು ಕಾಲ ಸಾಧನ ತಕ್ಕಮಟ್ಟಿಗೆ ಸರಿಯಾಗಿಯೇ ನಡೆಯುತ್ತದೆ. ತೊಂದರೆ ಇರುವುದು ಇವೆರಡರ ನಡುವಿನ ರಸ್ತೆಗಳಲ್ಲಿ. ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಹೋಗುವ ಜೋಡಿ ಸಾಲಿನ ರಸ್ತೆಯಲ್ಲಿ ಗೆರೆಯೂ ಉಂಟು, 70 ಕಿ.ಮೀ. ವೇಗವೂ ಉಂಟು, ಜೊತೆಗೆ ದನ, ಎತ್ತಿನ ಗಾಡಿ, ರಾಗಿ, ಹುರುಳಿ ಎಲ್ಲವೂ ಉಂಟು.

ಒಂದು ಉದಾಹರಣೆ ಕೊಡುತ್ತೇನೆ. ರಾಗಿ ಕೊಯ್ಲಿನ ಕಾಲದಲ್ಲಿ ಕುಣಿಗಲ್ ಕಡೆಯ ಪ್ರಾತ್ಯಕ್ಷಿಕೆ ತಾಕು ನೋಡಲು ರೈತ ಮಿತ್ರರೊಬ್ಬರ ಹೊಸ ಕಾರಿನಲ್ಲಿ ಹೋಗುತ್ತಿದ್ದೆವು. ತಿರುವು ಕಳೆದೊಡನೆ ರಸ್ತೆಯ ಎಡ ಅರ್ಧಕ್ಕೆ ರಾಗಿ ತೆನೆ ಹರಡಿತ್ತು. ಅಂಚಿಗೆ ಎಂದಿನಂತೆ ಕಲ್ಲು ಜೋಡಿಸಿದ್ದರು. ಎದುರಿನಿಂದ ವಾಹನವಿಲ್ಲವೆಂದು ನೋಡಿಕೊಂಡು ಮಿತ್ರರು ನಡುಗೆರೆ ದಾಟಿ ಬಲಕ್ಕೆ ತಿರುಗಿಸಿದರು. ಇಂಡಿಕೇಟರ್ ಹಾಕಲಿಲ್ಲ, ಅಂಥ ಕಡೆ ನಮ್ಮಲ್ಲಿ ಯಾರು ಹಾಕುತ್ತಾರೆ? ಕಾರು ಅದನ್ನು ಚಾಲಕನ ಮೈಮರೆವು ಎಂದು ತಿಳಿದು ಸ್ಟೀರಿಂಗನ್ನು ಎಡಕ್ಕೆ, ಕಲ್ಲುಗಳಿದ್ದ ಕಡೆಗೆ, ದೂಡಿತು. ಅವರು ಗಾಬರಿಯಾಗಿ ಬಿಗಿ ಹಿಡಿದು ಬಲಕ್ಕೆ ಎಳೆದರು. ಕಾರು ಒಮ್ಮೆ ಹೊಯ್ದಾಡಿತು. ಎಡಗಾಲಿ ತೆನೆಯ ಮೇಲೆ ಹಾಯಿತು. ಅದೃಷ್ಟಕ್ಕೆ ಅಷ್ಟೇ ಆಯಿತು. "ದೆವ್ವ ಮೆಟ್ಟಿದ ಹಂಗಾಯ್ತು ಸಾರ್" ಎಂದರು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕೈಪಿಡಿ ತೆಗೆದು ನೋಡಿದೆವು. ನಾನೂರಕ್ಕೂ ಹೆಚ್ಚು ಪುಟ, ಎಲ್ಲವೂ ಇಂಗ್ಲಿಷಿನಲ್ಲಿ. ಬೇಕಾದ ಪುಟ ಹುಡುಕಲು ನನಗೇ ಕಾಲು ಗಂಟೆ ಹಿಡಿಯಿತು. ಮಾರಿದ ಅಂಗಡಿಯವರು ಈ ವಿಷಯ ಹೇಳಿರಲಿಲ್ಲವೇ ಎಂದು ಕೇಳಿದ್ದಕ್ಕೆ, ಹಾಡು ಹಾಕುವುದು ಹೇಗೆ, ಫೋನು ಜೋಡಿಸುವುದು ಹೇಗೆ ಎಂದು ತೋರಿಸಿ, ಹಾರ ಹಾಕಿ ಫೋಟೋ ತೆಗೆದು ಕಳುಹಿಸಿದರು ಎಂದರು.

ರಾಗಿಯೊಂದೇ ಅಲ್ಲ. ರಸ್ತೆ ದುರಸ್ತಿಯಾದ ಕಡೆ ಹಳೆಯ ಗೆರೆಯನ್ನು ಪೂರ್ತಿ ಅಳಿಸದೆ ಪಕ್ಕದಲ್ಲೇ ಹೊಸದು ಬಳಿದಿರುತ್ತಾರೆ. ಕ್ಯಾಮೆರಾಕ್ಕೆ ಯಾವುದು ನಿಜವೆಂದು ತಿಳಿಯದು. ಬಿರುಕಿಗೆ ಹಾಕಿದ ಡಾಂಬರಿನ ಪಟ್ಟಿ ಇಳಿಬಿಸಿಲಿನಲ್ಲಿ ಗೆರೆಯಂತೆ ಹೊಳೆಯುತ್ತದೆ. ಕೆಸರುಗದ್ದೆಯಿಂದ ರಸ್ತೆಗೆ ಬಂದ ಟ್ರ್ಯಾಕ್ಟರಿನ ಗಾಲಿಯ ಮಣ್ಣು, ಮಳೆನೀರಿನ ಮೇಲೆ ಎದುರು ದೀಪದ ಹೊಳಪು, ಸಾಲುಮರದ ನೆರಳು, ಟೋಲ್ ಕಟ್ಟೆಯ ಹತ್ತಿರ ಒಂದು ಸಾಲು ನಾಲ್ಕಾಗಿ ಒಡೆಯುವ ಜಾಗ, ಇವೆಲ್ಲ ಅದನ್ನು ಗಲಿಬಿಲಿಗೊಳಿಸುತ್ತವೆ. ಅಮೆರಿಕದ ಮೇಲೆ ಹೇಳಿದ ಸಂಸ್ಥೆಯು 2018ರಲ್ಲಿ ಹೆಸರಾಂತ ಕಂಪನಿಗಳ ಕಾರುಗಳನ್ನು ಓಡಿಸಿ ನೋಡಿದಾಗ, ಏರಿನ ನೆತ್ತಿಯಲ್ಲಿ ಮುಂದಿನ ಗೆರೆ ಕಾಣದೆ ಕೆಲವು ಕಾರುಗಳು ದಾರಿ ತಪ್ಪಿದ್ದವು. ಅಚ್ಚುಕಟ್ಟಾದ ರಸ್ತೆಗಳ ದೇಶದಲ್ಲೇ ಹೀಗಾದರೆ ನಮ್ಮ ಚಾರ್ಮಾಡಿ, ಶಿರಾಡಿ ಘಟ್ಟಗಳ ತಿರುವುಗಳ ಮಾತೇನು?

ಒಂದು ಸಾವಿನ ವಿಚಾರಣೆ

ಯಂತ್ರ ಎಳೆದ ಕಡೆಗೆ ಕಾರನ್ನು ಬಿಟ್ಟರೆ ಏನಾಗಬಹುದು ಎಂಬುದಕ್ಕೆ ಚೆನ್ನಾಗಿ ತನಿಖೆಯಾದ ಪ್ರಕರಣವೊಂದಿದೆ. 2018ರ ಮಾರ್ಚ್ 23ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮೌಂಟನ್ ವ್ಯೂ ಎಂಬ ಊರಿನ ಹತ್ತಿರ, 101ನೇ ಹೆದ್ದಾರಿಯಲ್ಲಿ ಟೆಸ್ಲಾ ಮಾಡೆಲ್ ಎಕ್ಸ್ ಕಾರೊಂದು ಆಟೋಪೈಲಟ್ ಎಂಬ ನೆರವಿನೊಡನೆ ಓಡುತ್ತಿತ್ತು. ಆ ಜಾಗದಲ್ಲಿ ಹೆದ್ದಾರಿಯಿಂದ ಒಂದು ಕವಲು ಒಡೆಯುತ್ತದೆ. ಎರಡು ದಾರಿಗಳ ನಡುವೆ, ಎರಡೂ ಕಡೆ ಗೆರೆ ಇರುವ, ತ್ರಿಕೋನಾಕಾರದ ಖಾಲಿ ಜಾಗ. ಅದರ ತುದಿಗೆ ಕಾಂಕ್ರೀಟ್ ತಡೆ. ಗೆರೆಗಳು ಮಾಸಿದ್ದವು. ಕಾರು ಆ ಖಾಲಿ ಜಾಗವನ್ನೇ ತನ್ನ ಸಾಲೆಂದು ಹಿಡಿದು ಎಡಕ್ಕೆ ತಿರುಗಿತು. ಮುಂದೆ ವಾಹನ ಕಾಣದ್ದರಿಂದ ವೇಗವನ್ನೂ ಹೆಚ್ಚಿಸಿಕೊಂಡು, ಗಂಟೆಗೆ ಸುಮಾರು 114 ಕಿ.ಮೀ. ವೇಗದಲ್ಲಿ ತಡೆಗೆ ಬಡಿಯಿತು. ಚಾಲಕರು ತೀರಿಕೊಂಡರು.

ಆ ದೇಶದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2020ರ ಫೆಬ್ರವರಿಯಲ್ಲಿ ತನ್ನ ನಿರ್ಣಯ ಕೊಟ್ಟಿತು. ಅದರಲ್ಲಿ ನನಗೆ ಮೆಚ್ಚುಗೆಯಾದ ಅಂಶವೆಂದರೆ, ತಪ್ಪನ್ನು ಒಬ್ಬರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಯಂತ್ರದ ಮಿತಿಯಿಂದ ಕಾರು ತಿರುಗಿತು ಎಂದಿತು. ಚಾಲಕರು ಫೋನಿನ ಆಟದಲ್ಲಿ ತೊಡಗಿದ್ದುದರಿಂದ ತಿದ್ದಲಿಲ್ಲ ಎಂದಿತು. ಚಾಲಕನ ಗಮನ ಎಲ್ಲಿದೆಯೆಂದು ನೋಡುವ ಏರ್ಪಾಡು ಸಾಲದಾಗಿತ್ತೆಂದು ಕಂಪನಿಯನ್ನೂ ದೂರಿತು. ಹೊಡೆತ ತಗ್ಗಿಸಲು ತಡೆಯ ಮುಂದೆ ಇಟ್ಟಿದ್ದ ಸಾಧನ 11 ದಿನ ಮೊದಲೇ ಇನ್ನೊಂದು ಅಪಘಾತದಲ್ಲಿ ಜಜ್ಜಿಹೋಗಿತ್ತು. ಅದನ್ನು ಬದಲಾಯಿಸದಿದ್ದುದರಿಂದ ಪೆಟ್ಟು ಇನ್ನೂ ಬಲವಾಯಿತೆಂದು ರಸ್ತೆ ಇಲಾಖೆಗೂ ಹೇಳಿತು. ನಮ್ಮಲ್ಲಿ ಅಪಘಾತವಾದರೆ "ಚಾಲಕನ ಅಜಾಗರೂಕತೆ" ಎಂಬ ಎರಡು ಮಾತಿನಲ್ಲಿ ಕಡತ ಮುಗಿಯುವುದು ವಾಡಿಕೆ. ಕಾರು ತಾನೂ ಸ್ಟೀರಿಂಗ್ ತಿರುಗಿಸುವ ಕಾಲದಲ್ಲಿ ಆ ಎರಡು ಮಾತು ಸಾಲದು.

ಬೇಸಾಯ ಕ್ರಮವಿಲ್ಲದ ಬೀಜ

ವಿಶ್ವವಿದ್ಯಾನಿಲಯವು ಒಂದು ಹೊಸ ತಳಿಯನ್ನು ಬಿಡುಗಡೆ ಮಾಡುವಾಗ ಬರೀ ಬೀಜದ ಚೀಲ ಕೊಟ್ಟು ಕಳುಹಿಸುವುದಿಲ್ಲ. ಯಾವ ವಲಯಕ್ಕೆ ಸೂಕ್ತ, ಯಾವ ಹಂಗಾಮು, ಎಷ್ಟು ಅಂತರ, ಎಷ್ಟು ಗೊಬ್ಬರ, ಎಲ್ಲಿ ಬಿತ್ತಬಾರದು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಹಳ್ಳಿಯಲ್ಲಿ ಪ್ರಾತ್ಯಕ್ಷಿಕೆ ನಡೆಸಿ ಕೊಡುತ್ತದೆ. ನೀರಾವರಿಯ ತಳಿಯನ್ನು ಮಳೆಯಾಶ್ರಯದಲ್ಲಿ ಬಿತ್ತಿ ಬೆಳೆ ಹೋದರೆ ತಳಿ ಕೆಟ್ಟದ್ದಲ್ಲ. ಹೇಳದೆ ಕೊಟ್ಟವರು ತಪ್ಪಿತಸ್ಥರು. ನೂರಿನ್ನೂರು ರೂಪಾಯಿಯ ಕಳೆನಾಶಕದ ಡಬ್ಬಿಯ ಜೊತೆಗೂ ಪ್ರಾದೇಶಿಕ ಭಾಷೆಯ ಚೀಟಿ ಬರುತ್ತದೆ. ಇಪ್ಪತ್ತು ಲಕ್ಷದ ಕಾರಿಗೆ ಅದು ಬೇಡವೇ?

ಕಾರು ಒಪ್ಪಿಸುವ ದಿನ ಮಾರಾಟಗಾರರು ಕೊಂಡವರನ್ನು ಕೂರಿಸಿಕೊಂಡು ಗೆರೆಯಿರುವ ರಸ್ತೆಯಲ್ಲಿ ಕನಿಷ್ಠ ಒಂದು ಗಂಟೆ ಓಡಿಸಿ, ಈ ಎಳೆತವನ್ನು ಕೈಗೆ ತಗಲಿಸಿ ತೋರಿಸಬೇಕು. ಆರಿಸುವ ಗುಂಡಿಯನ್ನು ತೋರಿಸಬೇಕು. ಸಾಧನ ಎಲ್ಲೆಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನು ಕನ್ನಡದಲ್ಲಿ ಎರಡು ಪುಟ ಬರೆದು ಕೊಡಬೇಕು. ಮನೆಯಲ್ಲಿ ಕಾರು ಓಡಿಸುವುದು ಯಜಮಾನರೊಬ್ಬರೇ ಅಲ್ಲ. ಮಗ, ಸೊಸೆ, ಕೆಲವು ಕಡೆ ಸಂಬಳದ ಡ್ರೈವರ್ ಕೂಡ ಓಡಿಸುತ್ತಾರೆ. ಅವರಿಗೂ ತಿಳಿಯಬೇಕು. ಇದನ್ನು ಮಾರುವವರ ಸೌಜನ್ಯಕ್ಕೆ ಬಿಡದೆ ನಿಯಮವನ್ನೇ ಮಾಡಬೇಕು. ಅಲ್ಲಿಯವರೆಗೆ ನೀವೇ ಪಟ್ಟು ಹಿಡಿದು ಕೇಳಿ. ಉಳಿದ ಹಣ ಕಟ್ಟುವ ಮೊದಲು ಕೇಳಿದರೆ ಹೆಚ್ಚು ಮರ್ಯಾದೆಯಿಂದ ಉತ್ತರ ಸಿಗುತ್ತದೆ.

ಏನು ಮಾಡಬಹುದು?

ಸ್ಟೀರಿಂಗ್ ಎಳೆದಾಗ ಗಾಬರಿಯಾಗಿ ಕೈ ಬಿಡಬೇಡಿ, ರಭಸದಿಂದ ಎದುರು ಎಳೆಯಲೂ ಬೇಡಿ. ಸ್ಥಿರವಾಗಿ ಹಿಡಿದು ನಿಮಗೆ ಬೇಕಾದ ಕಡೆಗೆ ತಿರುಗಿಸಿ. ವಿಶ್ವಸಂಸ್ಥೆಯ ಅಡಿಯಲ್ಲಿ ಅನೇಕ ದೇಶಗಳು ಒಪ್ಪಿರುವ ಸ್ಟೀರಿಂಗ್ ಕುರಿತ 79ನೇ ನಿಯಮದ ಪ್ರಕಾರ, ಇಂಥ ಸಾಧನವನ್ನು ಮೀರಿಸಲು ಚಾಲಕನಿಗೆ ಬೇಕಾಗುವ ಬಲ 50 ನ್ಯೂಟನ್ ಮೀರಬಾರದು. ಅಂದರೆ ಐದು ಕಿಲೋ ತೂಕ ಎತ್ತುವಷ್ಟು. ನೇಗಿಲ ಮೇಣಿ ಹಿಡಿದ ಕೈಗೆ ಇದು ಯಾವ ಲೆಕ್ಕ? ಅಪಾಯವಿರುವುದು ಅದರ ಬಲದಲ್ಲಲ್ಲ, ನಿರೀಕ್ಷೆಯಿಲ್ಲದ ಹೊತ್ತಿನಲ್ಲಿ ಬರುವುದರಲ್ಲಿ.

ಸಾಲು ಬದಲಾಯಿಸುವಾಗ, ಬಂಡಿ ದಾಟುವಾಗ, ರಾಗಿ ತಪ್ಪಿಸುವಾಗ ಇಂಡಿಕೇಟರ್ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಇಂಡಿಕೇಟರ್ ಹಾಕಿದರೆ ಇದು ನಿಮ್ಮ ಇಚ್ಛೆಯೆಂದು ತಿಳಿದು ಯಂತ್ರ ಸುಮ್ಮನಿರುತ್ತದೆ. ವಿಭಜಕವಿರುವ ಹೆದ್ದಾರಿ ಬಿಟ್ಟು ಜೋಡಿ ರಸ್ತೆಗೆ ಇಳಿದಾಗ ಸ್ಟೀರಿಂಗ್ ನೆರವನ್ನು ಆರಿಸಿಬಿಡುವುದು ಮೇಲೆಂದು ನನ್ನ ಅಭಿಪ್ರಾಯ; ಎಚ್ಚರಿಕೆಯ ಸದ್ದು ಮಾತ್ರ ಉಳಿಸಿಕೊಳ್ಳುವ ಅವಕಾಶವಿದ್ದರೆ ಹಾಗೆಯೇ ಮಾಡಿ. ತುರ್ತು ಬ್ರೇಕಿನ ಸಾಧನವನ್ನು ಆರಿಸಬೇಡಿ; ಅದು ಬೇರೆ, ಇದು ಬೇರೆ. ಕೆಲವು ಮಾದರಿಗಳಲ್ಲಿ ಆರಿಸಿದ ನೆರವು ಮರುದಿನ ಮತ್ತೆ ಹತ್ತಿಕೊಂಡಿರುತ್ತದೆ ಎಂಬುದು ನೆನಪಿರಲಿ.

ಕ್ಯಾಮೆರಾದ ಕಣ್ಣಿಗೆ ಅಡ್ಡ ಬರುವುದನ್ನು ತೆಗೆಯಿರಿ. ಗಾಜಿನ ಮೇಲಂಚಿಗೆ ಅಂಟಿಸಿದ ಹೆಸರಿನ ಪಟ್ಟಿ, ಕನ್ನಡಿಗೆ ತೂಗುಹಾಕಿದ ಹಾರ, ಒಣಗಿದ ಕೆಸರು ಇವೆಲ್ಲ ಅಡ್ಡಿಯೇ. ದೇವರ ಪಟವನ್ನು ಕೆಳಗಿನ ಹಲಗೆಯ ಎಡಬದಿಗೆ ಇಟ್ಟುಕೊಂಡರೆ ದೇವರೇನೂ ಬೇಸರಿಸುವುದಿಲ್ಲ. ಕಲ್ಲು ಸಿಡಿದು ಗಾಜು ಬದಲಾಯಿಸಿದರೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಹೊಂದಿಸಬೇಕಾಗುತ್ತದೆ. ಹೊರಗೆ ಅಗ್ಗವಾಗಿ ಗಾಜು ಹಾಕಿಸಿ ಇದನ್ನು ಬಿಟ್ಟವರ ಕಾರು ಗೆರೆಯನ್ನು ಇದ್ದಲ್ಲಿ ಕಾಣದೆ ಪಕ್ಕದಲ್ಲಿ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು. ಎಲ್ಲ ಎಳೆತವೂ ಕ್ಯಾಮೆರಾದ್ದೇ ಎಂದು ತಿಳಿಯಬೇಡಿ. ಪೈರು ಹಳದಿಯಾದೊಡನೆ ಯೂರಿಯಾ ಚೆಲ್ಲುವವರನ್ನು ನಾವು ತಡೆಯುತ್ತೇವೆ. ನೀರು ನಿಂತಿದ್ದರಿಂದಲೂ ಹಳದಿಯಾಗಬಹುದು, ಕಬ್ಬಿಣದ ಕೊರತೆಯಿಂದಲೂ ಆಗಬಹುದು. ಇಲ್ಲಿಯೂ ಹಾಗೆಯೇ ಪರೀಕ್ಷಿಸಬೇಕು. ನೆರವನ್ನು ಆರಿಸಿ ಅದೇ ರಸ್ತೆಯಲ್ಲಿ ಮತ್ತೊಮ್ಮೆ ಓಡಿಸಿ. ಎಳೆತ ನಿಂತರೆ ಅದು ಲೇನ್ ಅಸಿಸ್ಟಿನದು. ನಿಲ್ಲದಿದ್ದರೆ ಎರಡೂ ಪಕ್ಕದ ಟೈರಿನ ಗಾಳಿ ನೋಡಿ. ಗಾಲಿಗಳ ಹೊಂದಾಣಿಕೆ ಪರೀಕ್ಷೆ ಮಾಡಿಸಿ. ರಸ್ತೆಯ ಅಂಚಿನ ಇಳಿಜಾರಿನಿಂದ ಎಡಕ್ಕೆ ತುಸು ಜಾರುವುದು ಸಹಜ. ಆದರೆ ನೇರ ರಸ್ತೆಯಲ್ಲಿ ಸ್ಟೀರಿಂಗ್ ಕಚ್ಚಿಕೊಂಡಂತೆ ನಿಂತು, ಬಲ ಹಾಕಿದಾಗ ತಟ್ಟನೆ ಬಿಟ್ಟುಕೊಟ್ಟರೆ ತಡಮಾಡದೆ ಕಂಪನಿಯ ಗ್ಯಾರೇಜಿಗೆ ಒಯ್ಯಿರಿ. ಇದೇ ಬಗೆಯ ಲಕ್ಷಣಕ್ಕಾಗಿ, ಸ್ಟೀರಿಂಗಿನ ಹಲ್ಲುಚಕ್ರದ ತಯಾರಿಕೆಯ ದೋಷವೆಂದು, ಹೋಂಡಾ ಕಂಪನಿಯು 2024ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಸುಮಾರು 17 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿತು. ದೂರು ಕೊಡುವಾಗ ದಿನಾಂಕ, ಜಾಗ, ವೇಗ, ಆ ಹೊತ್ತಿನಲ್ಲಿ ಫಲಕದ ಮೇಲೆ ಹತ್ತಿದ್ದ ಚಿಹ್ನೆ ಇಷ್ಟನ್ನು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. "ಎಲ್ಲ ಕಾರೂ ಹಾಗೇ ಸಾರ್" ಎಂಬ ಬಾಯಿಮಾತಿಗೆ ಸಮಾಧಾನಪಡಬೇಡಿ.

ರಸ್ತೆಯ ಮೇಲಿನ ಒಕ್ಕಣೆಯ ವಿಷಯವನ್ನೂ ಬಿಡುವಂತಿಲ್ಲ. ಹಿಡುವಳಿ ಹಂಚಿಹೋಗಿ ಕಣಕ್ಕೆ ಜಾಗವಿಲ್ಲದಾಗಿರುವುದು ನನಗೂ ಗೊತ್ತು, ಬಯ್ದು ಪ್ರಯೋಜನವಿಲ್ಲ. ಗ್ರಾಮ ಪಂಚಾಯಿತಿಗಳು ಊರಿಗೊಂದು ಸಿಮೆಂಟಿನ ಕಣ ಕಟ್ಟಿಸುವವರೆಗೆ, ವೇಗದ ವಾಹನ ಓಡುವ ರಸ್ತೆಯನ್ನಾದರೂ ಬಿಟ್ಟು ಒಳರಸ್ತೆ ಹಿಡಿಯಿರಿ, ಕಲ್ಲು ಇಡುವುದನ್ನು ನಿಲ್ಲಿಸಿ. ಕಬ್ಬಿನ ಟ್ರೇಲರಿನ ಕಷ್ಟ ಇನ್ನೂ ಹೆಚ್ಚು. ಹೊರೆ ಹಿಂದಕ್ಕೆ ಚಾಚಿ ದೀಪವನ್ನು ಮುಚ್ಚಿರುತ್ತದೆ. ಕತ್ತಲಲ್ಲಿ ಅದನ್ನು ವಾಹನವೆಂದು ಗುರುತಿಸುವುದು ಮನುಷ್ಯನ ಕಣ್ಣಿಗೂ ಕಷ್ಟ, ಕ್ಯಾಮೆರಾಕ್ಕೂ ಕಷ್ಟ. ಕಾರ್ಖಾನೆ ಅರೆಯಲು ತೊಡಗುವ ಮೊದಲೇ ಟ್ರೇಲರಿನ ಹಿಂಬದಿಯ ಅಡ್ಡಪಟ್ಟಿಗೆ ಬೆಳಕು ಪ್ರತಿಫಲಿಸುವ ಕೆಂಪು ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ಅಂಟಿಸಿ. ಹೊರೆ ಕಟ್ಟಿದ ಮೇಲೆ ಚಾಚಿದ ಜಲ್ಲೆಯ ತುದಿಗೂ ಅಂಥದೇ ಒಂದು ಹಲಗೆ ತೂಗುಹಾಕಿ. ಪ್ರತಿ ಸಲ ಗದ್ದೆಯಿಂದ ರಸ್ತೆಗೆ ಹತ್ತಿಸಿದಾಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಏಕೆಂದರೆ ಅರ್ಧ ಇಂಚು ಕೆಸರು ಮೆತ್ತಿದ ಪಟ್ಟಿ ಇದ್ದೂ ಇಲ್ಲದಂತೆಯೇ.